ಆಯಿಯ ಕಣದಲ್ಲಿ ಆಟದ ತಾಸು

ನಮ್ಮ ಮನೆಗೂ ಊರಿನ ಹೈಸ್ಕೂಲಿಗೂ ನಡುವೆ ಇದ್ದದ್ದು ಭತ್ತ ಒಕ್ಕುವ ಒಂದು ಕಣ ಅಷ್ಟೇ. ಹಿತ್ತಲ ಬಾಗಿಲು ತೆರೆದರೆ ದನದ ಕೊಟ್ಟಿಗೆ, ಅದನ್ನು ದಾಟಿದರೆ ಹುಲ್ಲಿನ ಬಣವೆ, ಬಣವೆಯ ಆಚೆ ಕಣ, ಕಣದ ಆ ತುದಿಗೆ ಶಾಲೆಯ ಗೋಡೆ. ಹೀಗಾಗಿ ನನ್ನ ಓದೂ ನಮ್ಮ ಮನೆಯ ಸಂಸಾರವೂ ಒಂದರೊಳಗೊಂದು ಕಲೆತುಹೋಗಿದ್ದವು. ಗಣಿತದ ತಾಸಿನಲ್ಲಿ ಅವ್ವ ಹಾಕಿದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಕಿಟಕಿಯಿಂದ ಬಂದರೆ ಇಡೀ ವರ್ಗ ನನ್ನ ಕಡೆ ತಿರುಗಿ ನೋಡುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಎಮ್ಮೆಯನ್ನು ಬೈಯುವುದು ಇತಿಹಾಸದ ಪಾಠದ ನಡುವೆ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದೆರಡು ಸಲ ಆಕೆ ಗೋಡೆಯ ಮೇಲಿಂದ ತಲೆ ಹಾಕಿ, ಮಾಸ್ತರರು ಪಾಠ ಮಾಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ, “ಸಾವಿತ್ರೀ, ಖೋಲಿ ಕೀಲಿ ಎಲ್ಲಿಟ್ಟೀ ಬೇ?” ಎಂದು ಕೇಳಿದ್ದೂ ಉಂಟು. ಮುಂಡಗೋಡದ ಕಡೆಯ ಹಳ್ಳಿ ಅದು. ಭತ್ತ, ಗೋವಿನಜೋಳ, ಅಷ್ಟಿಷ್ಟು ಹತ್ತಿ ಬೆಳೆಯುವ ಊರು. ಮನೆ ದೊಡ್ಡದು, ಇದ್ದವರು ನಾಲ್ಕೇ ಜನ: ಆಯಿ, ಅಪ್ಪ, ಅವ್ವ, ನಾನು. ಐದನೆಯವಳೆಂದು ಅಪ್ಪನ ತಂಗಿ ಶಾಂತತ್ತಿಯನ್ನು ಹಿಡಿಯಬೇಕು. ಅವಳನ್ನು ಅದೇ ಊರಿನ ಕೆಳಗಿನ ಓಣಿಗೆ ಕೊಟ್ಟಿದ್ದರು, ಕೊಟ್ಟರೂ ಕೊಡದಂತೆಯೇ. ಬೆಳಗಿನ ಚಹಾ ನಮ್ಮಲ್ಲಿ, ಸಂಜೆಯ ಜಗಳ ನಮ್ಮಲ್ಲಿ.

ಹೊಲ ಅಪ್ಪನದು, ಅಡಿಗೆಮನೆ ಅವ್ವನದು. ಕಣ ಮಾತ್ರ ಆಯಿಯದು. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡ ಮೇಲೆ ಆಕೆ ಮೊದಲು ಹೋಗುತ್ತಿದ್ದದ್ದು ಕಣಕ್ಕೆ. ರಾಶಿ ಇರಲಿ ಬಿಡಲಿ, ಒಂದು ಸುತ್ತು ಹಾಕಬೇಕು. ಕಣದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಉಗುಳುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ. ಎಮ್ಮೆಯನ್ನು ಬೈಯುವುದಾದರೂ ಆಯಿ ಕಣದಿಂದ ಹೊರಗೆ ಬಂದು ಬೈಯುತ್ತಿದ್ದಳು. ಅನ್ನ ನೆಲ ಮುಟ್ಟುವ ಜಾಗ ಅದು ಎನ್ನುತ್ತಿದ್ದಳು.

ಗೋಡೆಯ ಆ ಕಡೆ, ಶಾಲೆಯಲ್ಲಿ, ಆಟದ ತಾಸು ಎಂಬುದೊಂದಿತ್ತು. ವೇಳಾಪಟ್ಟಿಯಲ್ಲಿ ಅದು ನಮಗೂ ಇತ್ತು. ಗಂಟೆ ಬಾರಿಸಿದ ಕೂಡಲೇ ಗಂಡುಹುಡುಗರು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಮೈದಾನಕ್ಕೆ ಓಡುತ್ತಿದ್ದರು. ಹುಡುಗಿಯರು ಹುಣಸೆಮರದ ಕೆಳಗೆ ಹೋಗಿ ಕೂಡುತ್ತಿದ್ದೆವು. ಒಬ್ಬರ ತಲೆಯಲ್ಲಿ ಒಬ್ಬರು ಹೇನು ನೋಡುವುದು, ಮನೆಪಾಠ ಬರೆಯುವುದು, ಹುಣಸೆಕಾಯಿ ಕಚ್ಚುವುದು. ಆಗಿದ್ದ ಪಿ.ಟಿ. ಸರ್ ನಮ್ಮನ್ನು ಕರೆಯುತ್ತಿದ್ದದ್ದು ಚಹಾದ ಕಪ್ಪು ತೊಳೆಯಲಿಕ್ಕೆ, ಇಲ್ಲವೇ ಅತಿಥಿಗಳು ಬರುವ ದಿನ ರಂಗೋಲಿ ಹಾಕಲಿಕ್ಕೆ. ಅದರಿಂದ ನಮಗೇನೂ ಬೇಜಾರಿರಲಿಲ್ಲ, ನಿಜ ಹೇಳುತ್ತೇನೆ. ನನಗಂತೂ ಅದೇ ಸುಖವಾಗಿತ್ತು. ನಾನು ದಪ್ಪ ಹುಡುಗಿ. ಏಳನೆಯ ವರ್ಗದಲ್ಲಿ ಒಮ್ಮೆ ಓಟದ ಸ್ಪರ್ಧೆಗೆ ನಿಲ್ಲಿಸಿದಾಗ ಹಿಂದಿನಿಂದ ಯಾರೋ, “ಲಾರಿ ಬಂತು, ಬಾಜೂ ಸರೀರಿ” ಎಂದು ಕೂಗಿದ್ದರು. ನಾನು ಅರ್ಧಕ್ಕೇ ನಿಂತು, ಚಪ್ಪಲಿ ಹುಡುಕುವವಳಂತೆ ಮಾಡಿ, ಮನೆಗೆ ಬಂದುಬಿಟ್ಟಿದ್ದೆ. ಅಂದಿನಿಂದ ಆಟದ ತಾಸಿಗೆ ನನಗೆ ಹೊಟ್ಟೆ ನೋಯುತ್ತಿತ್ತು. ಈಗ ನಾನು ದಾಂಡೇಲಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಆಟದ ತಾಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನನ್ನ ಬಳಿ ಬಂದು ಕೂಡುವ ಹುಡುಗಿಯರನ್ನು ಕಂಡರೆ ನಾನು ಬೈಯುವುದಿಲ್ಲ. ಎಲ್ಲಿ ನೋಯುತ್ತದೆಂದು ನನಗೆ ಗೊತ್ತು.

ನಾನು ಒಂಬತ್ತನೆಯ ವರ್ಗದಲ್ಲಿದ್ದಾಗ ಆ ಸರ್ ವರ್ಗಾವಣೆಯಾಗಿ ಹೋಗಿ, ಅವರ ಜಾಗಕ್ಕೆ ಪ್ರೇಮಾ ಅಕ್ಕೋರು ಬಂದರು. ಜೋಯಿಡಾದ ಕಾಡೊಳಗಿನ ಊರಿನವರು, ಮನೆಮಾತು ಕೊಂಕಣಿ. ಕನ್ನಡವನ್ನು ಪುಸ್ತಕದಲ್ಲಿ ಕಲಿತದ್ದರಿಂದ ಪುಸ್ತಕದ ಹಾಗೆಯೇ ಆಡುತ್ತಿದ್ದರು. ಸಣ್ಣ ಆಳು, ಗಂಟು ಹಾಕಿದ ಕೂದಲು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು. ಸೀರೆಯ ಕೆಳಗಿನ ಆ ಬೂಟು ನೋಡಿಯೇ ನಮಗೆ ಒಂದು ವಾರ ನಗು. ಮೊದಲ ದಿನ ಅವರು ಮೈದಾನಕ್ಕೆ ಕರೆಯಲಿಲ್ಲ. ಹುಣಸೆಮರದ ಕೆಳಗೆ ನಮ್ಮ ನಡುವೆ ಬಂದು ಕೂತರು.

“ನೀವು ಮನೆಯಲ್ಲಿ ಏನು ಆಡುತ್ತೀರಿ?”

“ಏನೂ ಆಡಂಗಿಲ್ರೀ,” ಎಂದಳು ಯಲ್ಲವ್ವ.

ಯಲ್ಲವ್ವ ನನ್ನ ಬೆಂಚಿನವಳು. ಊರ ಹೊರಗಿನ ಕೇರಿಯ ಹುಡುಗಿ; ಅವಳ ಅವ್ವ ದುರ್ಗವ್ವ ನಮ್ಮ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದಳು. ಕಡ್ಡಿಯಂಥ ಕಾಲು, ಮಾತು ಚೂರಿ.

“ಹಾಗಾದರೆ ಈ ತಾಸು ನಿಮಗೆ ಯಾಕೆ ಬೇಡ? ಹೇಳಿ. ನಾನು ಬೈಯುವುದಿಲ್ಲ.”

ಮೊದಲು ಒಬ್ಬಳು ಶುರುಮಾಡಿದಳು, ಬಳಿಕ ಎಲ್ಲರೂ. ಹುಡುಗೂರು ನೋಡ್ತಾರ್ರೀ. ಲಂಗ ಮ್ಯಾಲ ಹಾರ್ತೈತ್ರಿ. ಮುಂಜಾನಿಂದ ನೀರು ಹೊತ್ತು ಕಾಲು ನೋಯ್ತಾವ್ರಿ. ಬಟ್ಟೆ ಬದಲಿಸಾಕ ಜಾಗಾ ಇಲ್ರೀ. ಬೆವತ್ರ ಮುಂದಿನ ತಾಸಿನ್ಯಾಗ ವಾಸನಿ ಅಂತಾರ್ರೀ. ಬಿಸಲಾಗ ಕರ್ರಗ ಆಕ್ಕೇವಂತ್ರಿ. ನಾನು ಹುಣಸೆಕಾಯಿ ಕಚ್ಚುತ್ತಾ ಕೂತೆ. ಅಕ್ಕೋರು ಎಲ್ಲವನ್ನೂ ಕೇಳಿ, ಸೀದಾ ಹೆಡ್ಮಾಸ್ತರರ ಕೋಣೆಗೆ ಹೋದರು. ಮೈದಾನದ ಅರ್ಧ ಭಾಗ ಹುಡುಗಿಯರಿಗೆ ಬೇಕೆಂದು ಕೇಳಿದ್ದರಂತೆ. ಮೊದಲು ಹುಡುಗರ ಟೀಮು ತಾಲೂಕಿಗೆ ಹೋಗಿ ಬರಲಿ, ಆಮೇಲೆ ನೋಡೋಣ ಎಂದು ಅವರು ಹೇಳಿ ಕಳಿಸಿದರಂತೆ.

ಅಷ್ಟರಲ್ಲಿ ನಾಗರಪಂಚಮಿ ಬಂತು. ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಶೇಂಗಾದ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ಕೊಟ್ಟಿಗೆಯ ತೊಲೆಗೆ ಅಪ್ಪ ಜೋಕಾಲಿ ಕಟ್ಟಿಕೊಡುತ್ತಿದ್ದ. ಆ ಎರಡು ದಿನ ಓಣಿಯ ಹೆಂಗಸರೆಲ್ಲ ನಮ್ಮ ಹಿತ್ತಲಿಗೆ ಬರುತ್ತಿದ್ದರು. ಬಾಗಿಲು ಹಾಕಿಕೊಂಡರೆ ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಆ ವರ್ಷ ಆಯಿ ಅಕ್ಕೋರನ್ನೂ ಉಂಡಿ ತಿನ್ನಲು ಕರೆದಿದ್ದಳು. ಪರ ಊರಿಂದ ಬಂದ ಒಂಟಿ ಹೆಣ್ಣುಮಗಳು ಹಬ್ಬದ ದಿನ ಬಾಡಿಗೆ ಖೋಲಿಯಲ್ಲಿ ಕೂಡಬಾರದು ಎಂಬುದು ಆಕೆಯ ಮಾತು. ಅಕ್ಕೋರು ಬಂದಾಗ ನಾವು ಫುಗಡಿ ಆಡುತ್ತಿದ್ದೆವು. ಇಬ್ಬಿಬ್ಬರು ಕೈ ಕೈ ಹಿಡಿದು, ಹಿಂದಕ್ಕೆ ಬಾಗಿ, ಗಿರಗಿರ ತಿರುಗುವ ಆಟ ಅದು. ನನ್ನ ಜೋಡಿ ಅವ್ವ ಇದ್ದಳು. ದಪ್ಪಗಿದ್ದವರಿಗೆ ಫುಗಡಿ ಚೆನ್ನಾಗಿ ಬರುತ್ತದೆ. ಭಾರಕ್ಕೆ ಭಾರ ಹೂಡಿದರೆ ಗಾಳಿಯೇ ಎತ್ತಿಕೊಂಡು ತಿರುಗಿಸಿದಂತೆ. ಮನೆಯೊಳಗೆ ಎಲ್ಲದಕ್ಕೂ ಹೆದರುವ ನನ್ನ ಅವ್ವ, ಸೆರಗು ಸೊಂಟಕ್ಕೆ ಸಿಗಿಸಿ, ಬಾಯಿ ತೆರೆದು ನಗುತ್ತಿದ್ದಳು. ದುರ್ಗವ್ವನ ಜೊತೆ ಬಂದಿದ್ದ ಯಲ್ಲವ್ವ ಜೋಕಾಲಿಯ ಮೇಲೆ ನಿಂತು ತೊಲೆಯನ್ನು ಕಾಲಿನಿಂದ ಮುಟ್ಟಿ ಬರುತ್ತಿದ್ದಳು. ಅಕ್ಕೋರು ಕೈಯಲ್ಲಿ ಉಂಡಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

“ಏನೂ ಆಡುವುದಿಲ್ಲ ಎಂದಿರಲ್ಲ?” ಎಂದರು.

“ಇದ ಆಟ ಅಲ್ರೀ. ಹಬ್ಬರಿ,” ಎಂದಳು ಯಲ್ಲವ್ವ ಮೇಲಿನಿಂದ.

ಎಲ್ಲರೂ ಹೋದ ಮೇಲೆ ಅಕ್ಕೋರು ಹಿತ್ತಲಿನಿಂದ ಆಚೆ ನೋಡಿದರು. ಮಳೆಗಾಲದ ಕಣ, ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಮೂರು ಕಡೆ ಗೋಡೆ, ಒಂದು ಕಡೆ ಬಣವೆ. ರಸ್ತೆಯಿಂದ ಯಾರಿಗೂ ಕಾಣದು.

“ಅಜ್ಜೀ, ವಾರಕ್ಕೆ ಎರಡು ಸಲ ಈ ಜಾಗ ನಮ್ಮ ಹುಡುಗಿಯರಿಗೆ ಕೊಡುತ್ತೀರಾ?”

ಶಾಂತತ್ತಿ ಚಹಾ ಕುಡಿಯುತ್ತಿದ್ದವಳು ಬಸಿಯನ್ನು ಕೆಳಗಿಟ್ಟಳು. “ಕಣಾ ಅಂದ್ರ ಏನಂತ ತಿಳದೀರಿ ಬಾಯಾರ? ಕುಣ್ಯಾಕ ಕೊಡ್ತಾರ ಯಾರರ?”

ಆಯಿ ಅಡಿಕೆ ಕತ್ತರಿಸುತ್ತಾ ಕೇಳಿದಳು, “ಎಷ್ಟ ಮಂದಿ ಹುಡುಗ್ಯಾರು?”

“ಮೂರು ವರ್ಗ ಸೇರಿಸಿದರೆ ಬಹಳ ಮಂದಿ.”

“ಎಲ್ಲಾರೂ ಕೂಡಿ ಹುಲ್ಲ ಕೀಳಬೇಕ. ಬರಿಗಾಲಲೇ ಆಡಬೇಕ. ಕುಣದ ಕುಣದ ನೆಲಾ ಗಟ್ಟಿ ಮಾಡಿಕೊಡಬೇಕ. ವರ್ಷಾ ಆಳ ಹಚ್ಚಿ ಬಡಸ್ತೇನಿ, ಈ ವರ್ಷ ನೀವ ಬಡೀರಿ. ಪೈರು ಬಂದ ದಿನಾ ಕಣಾ ನಂದ.”

ಇದು ದೊಡ್ಡ ಮನಸ್ಸೋ ವ್ಯವಹಾರವೋ ಎಂದು ನನಗೆ ಇಂದಿಗೂ ಹೇಳಲು ಬಾರದು. ಆಯಿಯಲ್ಲಿ ಅವೆರಡೂ ಬೇರೆ ಬೇರೆಯಾಗಿರಲಿಲ್ಲ.

ಹೀಗೆ ಆಟದ ತಾಸು ನಮ್ಮ ಮನೆಗೆ ಬಂತು. ಗೋಡೆ ಕುಸಿದಲ್ಲಿ ಒಂದು ಸಂದು ಇತ್ತು; ಅದರೊಳಗಿಂದ ಹುಡುಗಿಯರು ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದರು. ನಮ್ಮ ಬಚ್ಚಲು ಬಟ್ಟೆ ಬದಲಿಸುವ ಜಾಗವಾಯಿತು. ಲಂಗದ ಕೆಳಗೆ ಹಾಕಿಕೊಳ್ಳಲು ಪಾಯಿಜಾಮ ಹೊಲಿಸಿಕೊಳ್ಳಿರಿ ಎಂದು ಅಕ್ಕೋರು ಹೇಳಿದ್ದರು. ಆ ಪಾಯಿಜಾಮದ ಬಗ್ಗೆ ನಮ್ಮ ಮನೆಯಲ್ಲಿ ಆದ ಜಗಳ ಮಾತ್ರ ಸಣ್ಣದಲ್ಲ. ಸಂಜೆ ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವ್ವ ಶುರುಮಾಡಿದಳು.

“ಕಾಲು ಮುರಕೊಂಡ್ರ ಯಾರು ಮಾಡ್ಕೋತಾರ ಇಕಿನ್ನ? ಮದಲ ಬಣ್ಣ ಕಮ್ಮಿ.”

“ಇಕಿ ಕಾಲು ಮುರಿಯೂ ಕಾಲಲ್ಲ,” ಎಂದಳು ಆಯಿ. “ನನ್ನ ಕಾಲ ಅವು.”

ಅಪ್ಪ ರೊಟ್ಟಿ ಮುರಿಯುತ್ತಾ, “ಪಾಯಿಜಾಮ ಹಾಕ್ಕೊಂಡ್ರ ಕಾಲು ಮುಚ್ಚೇ ಇರ್ತಾವಲ್ಲ. ಚಲೋನ ಆತು,” ಎಂದ. ಅಪ್ಪ ಜಗಳದಲ್ಲಿ ಆಡುತ್ತಿದ್ದ ಮಾತುಗಳು ಯಾರ ಪಕ್ಷದ್ದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮರುದಿನ ಅವ್ವ ತನ್ನ ಹಳೆಯ ಒಂದು ಸೀರೆಯನ್ನು ಕತ್ತರಿಸಿ ಕೂತಳು. ಹೂವಿನ ಪಾಯಿಜಾಮ. ಹಾಕಿಕೊಂಡು ನಿಂತರೆ ನಾನು ತೋಟದ ಬೇಲಿಯ ಹಾಗೆ ಕಾಣುತ್ತಿದ್ದೆ. ಬಾಕಿ ಹುಡುಗಿಯರದ್ದೂ ಅಂಥವೇ ಆದ್ದರಿಂದ ಯಾರೂ ನಗಲಿಲ್ಲ.

ಖೋಖೋ ಆಡಲು ಎರಡು ತುದಿಗೆ ಎರಡು ಕಂಬ ಬೇಕು. ಕಣದಲ್ಲಿ ಗುಂಡಿ ತೋಡಲು ಆಯಿ ಬಿಡಲಿಲ್ಲ. ಆಗ ಅಕ್ಕೋರು ಇಬ್ಬರು ಹುಡುಗಿಯರನ್ನೇ ಕಂಬ ಮಾಡಿದರು. ನಾನಾಗಿಯೇ ಕೈ ಎತ್ತಿದೆ, ನಿಂತಿರಬೇಕಷ್ಟೇ, ಓಡುವಂತಿಲ್ಲವಲ್ಲ. ನನ್ನ ಆಟದ ಬದುಕು ಶುರುವಾದದ್ದು ಕಂಬವಾಗಿ. ಆದರೆ ಕಂಬವಾಗಿ ನಿಂತವಳಿಗೆ ಎಲ್ಲವೂ ಕಾಣುತ್ತದೆ. ಯಾರು ಯಾವ ಕಡೆ ಹೊರಳುತ್ತಾರೆ, ಯಾರು ಓಡುವ ಮೊದಲು ಭುಜ ಬಾಗಿಸುತ್ತಾರೆ, ಯಾರಿಗೆ ಬೇಗ ಉಸಿರು ಕಟ್ಟುತ್ತದೆ. ಓಡಿ ಬಂದವರು ನನ್ನ ಸೊಂಟ ಹಿಡಿದು ತಿರುಗುತ್ತಿದ್ದರು, ನಾನು ಅಲ್ಲಾಡುತ್ತಿರಲಿಲ್ಲ. “ಸಾವಿತ್ರಿ ಕಂಬಾ ಭಾಳ ಗಟ್ಟಿ ಐತಿ” ಎಂಬ ಹೊಗಳಿಕೆ ನನ್ನ ಮೈಗೆ ಸಿಕ್ಕ ಮೊದಲ ಹೊಗಳಿಕೆ. ಕೆಲವು ವಾರ ಕಳೆದ ಮೇಲೆ ಅಕ್ಕೋರು, “ನೀನು ಎಲ್ಲವನ್ನೂ ನೋಡಿ ಆಯಿತು, ಇನ್ನು ಸಾಲಿನಲ್ಲಿ ಕೂಡು” ಎಂದರು. ಕೂತೆ. ಓಟ ಆಗಲೂ ನಿಧಾನವೇ. ಆದರೆ ಯಾವಾಗ ಯಾರಿಗೆ ಖೋ ಕೊಡಬೇಕು ಎಂಬುದು ನನಗೆ ಗೊತ್ತಿತ್ತು, ಅದು ಕಾಲಿನ ಕೆಲಸವಲ್ಲ. ಅಕ್ಕೋರು ಯಾರನ್ನೂ ಆರಿಸಿ ಬದಿಗಿಡುತ್ತಿರಲಿಲ್ಲ. ಓಡಲು ಮನಸ್ಸಿಲ್ಲದ ದಿನ ಹಗ್ಗ ಜಿಗಿಯಬಹುದು, ಅದೂ ಬೇಡವಾದರೆ ಫುಗಡಿ. ಏನೂ ಮಾಡದೆ ಕೂಡುವುದೊಂದು ಮಾತ್ರ ಇಲ್ಲ. ಎರಡು ತಿಂಗಳಲ್ಲಿ ಹುಣಸೆಮರದ ಕೆಳಗೆ ಒಬ್ಬ ಹುಡುಗಿಯೂ ಉಳಿಯಲಿಲ್ಲ. ಆಯಿ ಬಣವೆಯ ನೆರಳಿನಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ನೋಡುತ್ತಿದ್ದಳು. ಆಟದ ನಿಯಮ ಅರ್ಧ ತಿಳಿದರೂ ತೀರ್ಪು ಪೂರಾ ಕೊಡುತ್ತಿದ್ದಳು.

ನೀರಿನ ವಿಷಯದಲ್ಲಿ ನಮ್ಮ ಮನೆ ಅಷ್ಟು ಸುಲಭದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕೇರಿಯ ಹುಡುಗಿಯರಿಗೆ ಅವ್ವ ಮೊದಮೊದಲು ಮೇಲಿನಿಂದ ಬೊಗಸೆಗೆ ನೀರು ಹನಿಸುತ್ತಿದ್ದಳು. ಆದರೆ ಆಡಿ ಬಾಯಾರಿದ ಅಷ್ಟು ಹುಡುಗಿಯರು ಒಮ್ಮೆಲೇ ಕೊಡಕ್ಕೆ ಮುಗಿಬಿದ್ದರೆ ಯಾರ ಕೈಯ ತಂಬಿಗೆ ಯಾರ ಕೈಗೆ ಹೋಯಿತೆಂದು ನೋಡುವವರು ಯಾರು? ಅವ್ವ ಕೆಲವು ದಿನ ನೋಡಿದಳು, ಆಮೇಲೆ ಕೊಡವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗಿಬಿಟ್ಟಳು.

ಮಳೆ ಹಿಂದೆಗೆದ ಮೇಲೆ ಕಣವನ್ನು ಸಗಣಿಯಿಂದ ಸಾರಿಸಿದರು. ನಾವು ಕುಣಿದು ಗಟ್ಟಿ ಮಾಡಿದ ನೆಲ ಕನ್ನಡಿಯಂತಾಗಿತ್ತು. ನಡುವೆ ಅರಿಶಿನ ಕುಂಕುಮ ಏರಿಸಿ ಪೂಜೆ ಮಾಡಿದರು. ತೊಂದರೆ ಶುರುವಾದದ್ದು ಅಲ್ಲಿಂದ. ಶಾಂತತ್ತಿ ಸಂದಿನ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

“ಪೂಜಿ ಆಗೇತಿ. ಇನ್ನಮ್ಯಾಲ ಮುಟ್ಟಾದಾಕಿ ಕಣದಾಗ ಕಾಲಿಡೂದಿಲ್ಲ. ಮೈಲಿಗಿ ಆದ್ರ ರಾಶಿ ಹುಲಸಾಗೂದಿಲ್ಲ. ಗ್ವಾಡಿ ಮ್ಯಾಲ ಕುಂತ ನೋಡ್ರಿ ಬೇಕಂದ್ರ.”

ಆಯಿ ಏನೂ ಅನ್ನಲಿಲ್ಲ. ಅದು ಆಕೆಯ ಕಾಲದ ರೀತಿಯೂ ಹೌದು. ಅಕ್ಕೋರು ಬಾಯಿ ತೆರೆದವರು, ಬೇರೆಯವರ ಕಣ ಎಂದು ಮುಚ್ಚಿದರು. ಅಂದಿನಿಂದ ಪ್ರತಿ ಆಟದ ತಾಸಿನಲ್ಲಿ ಮೂರೋ ನಾಲ್ಕೋ ಹುಡುಗಿಯರು ಗೋಡೆಯ ಮೇಲೆ ಸಾಲಾಗಿ ಕೂಡತೊಡಗಿದರು. ಗೋಡೆಯ ಆ ಕಡೆ ಏನಿತ್ತು? ಗಂಡುಹುಡುಗರ ಮೈದಾನ. ಗೋಡೆ ಏರಿದವಳು ಯಾರೆಂದು ನೋಡಿದರೆ ಸಾಕು, ಊರಿಗೇ ಡಂಗುರ ಹೊಡೆದಂತೆ. ಒಂದು ದಿನ ಯಲ್ಲವ್ವ ಮೇಲೆ ಕೂತಿದ್ದಾಗ ಆ ಕಡೆಯಿಂದ ಒಬ್ಬ, “ಇವತ್ತ ಯಲ್ಲಿ ಔಟ್!” ಎಂದು ಕೂಗಿದ. ಮೈದಾನವೆಲ್ಲ ನಕ್ಕಿತು. ಯಲ್ಲವ್ವ, ಮಾತಿಗೆ ಮಾತು ಎಸೆಯುವ ಯಲ್ಲವ್ವ, ಒಂದೂ ಮಾತಾಡದೆ ಗೋಡೆಯಿಂದ ಇಳಿದು ಹೋದಳು. ಮರುದಿನ ಶಾಲೆಗೆ ಬರಲಿಲ್ಲ. ಆ ವಾರ ಪೂರ್ತಿ ಬರಲಿಲ್ಲ. ಉಳಿದ ಹುಡುಗಿಯರೂ ಆ ದಿನಗಳಲ್ಲಿ ಮನೆಯಲ್ಲೇ ಉಳಿಯತೊಡಗಿದರು. ಕೆಲವರು ಬೇರೆ ದಿನಗಳಲ್ಲೂ. ಹುಣಸೆಮರದ ಕೆಳಗೆ ಮತ್ತೆ ಗುಂಪು ಕಾಣಿಸಿತು. ಯಲ್ಲವ್ವನನ್ನು ಅವಳ ಅವ್ವ ಇನ್ನು ಕೂಲಿಗೆ ಕರೆದುಕೊಂಡು ಹೋಗುತ್ತಾಳಂತೆ ಎಂಬ ಸುದ್ದಿಯೂ ಬಂತು.

“ಆ ಜಿಂಕಿ ಎಲ್ಲಿ, ಕಾಣವಲ್ಲದು?” ಎಂದು ಆಯಿ ಕೇಳಿದಳು. ಆಕೆ ಯಲ್ಲವ್ವನನ್ನು ಜಿಂಕೆ ಎಂದೇ ಕರೆಯುತ್ತಿದ್ದಳು. ನಾನು ಆದದ್ದನ್ನೆಲ್ಲ ಹೇಳಿದೆ. ಆಯಿ ಅಡಿಕೆಕತ್ತರಿಯನ್ನು ಮಡಿಸಿ ಚೀಲದಲ್ಲಿಟ್ಟಳು.

ಸೀಗಿ ಹುಣ್ಣಿಮೆ ಬಂದದ್ದು ಆ ದಿನಗಳಲ್ಲೇ. ಗದ್ದೆಯಲ್ಲಿ ತೆನೆ ಹಾಲುಗಟ್ಟುವ ಕಾಲ. ಭೂಮಿತಾಯಿ ಬಸುರಿ ಎಂದು ಅವಳಿಗೆ ಬಯಕೆಯ ಊಟ ಉಣಿಸುವ ಹಬ್ಬ. ಹೋಳಿಗೆ, ಕಡುಬು, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಪುಂಡಿಪಲ್ಯ, ಮೊಸರನ್ನ, ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿ, ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಅಕ್ಕೋರನ್ನೂ ಕರೆದಿದ್ದೆವು. ಅಪ್ಪ ಗದ್ದೆಯ ಸುತ್ತ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಿ ಬಂದ. ಮರದ ನೆರಳಿಗೆ ಎಲ್ಲರೂ ಊಟಕ್ಕೆ ಕೂತೆವು. ಜೋಯಿಡಾದ ಕಡೆ ಈ ಹಬ್ಬ ಇಲ್ಲವೆಂದು ಹೇಳಿ, ಇದು ಏನೆಂದು ಅಕ್ಕೋರು ವಿಚಾರಿಸಿದರು. ಶಾಂತತ್ತಿಗೆ ತಿಳಿಸಿ ಹೇಳುವುದೆಂದರೆ ಖುಷಿ.

“ಭೂಮ್ತಾಯಿ ಬಸರ ಅದಾಳ್ರೀ ಈಗ. ಬಸರಿ ಹೆಂಗಸಿಗೆ ಏನೇನ ಬೇಕನಸ್ತೈತೋ ಎಲ್ಲಾ ಮಾಡಿ ತರ್ತೇವಿ. ಉಂಡ್ಳಂದ್ರ ಕಾಳ ತುಂಬತಾವ.”

ಆಯಿ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟಳು.

“ಶಾಂತಾ, ಬಸರಾಗಾಕಿ ಮುಟ್ಟಾಗದನ ಬಸರಾದ್ಳೇನ?”

ಅಪ್ಪ ಇದ್ದಕ್ಕಿದ್ದಂತೆ ಎದ್ದು ಎತ್ತುಗಳಿಗೆ ನೀರು ಬೇಕೇನೋ ನೋಡಲು ಹೋದ.

“ಯವ್ವಾ, ಭೂಮಿ ಮಾತ ಬ್ಯಾರೆ,” ಎಂದಳು ಶಾಂತತ್ತಿ.

“ಏನ ಬ್ಯಾರೆ? ಇಕಿ ಹೆಣ್ಣು, ಅಕಿ ಹೆಣ್ಣು. ಇಕಿಗೆ ಸೀರಿ ಉಡಿಸಿ ಉಡಿ ತುಂಬತೀ, ಆ ಹುಡುಗ್ಯಾರನ್ನ ಗ್ವಾಡಿ ಮ್ಯಾಲ ಏರಿಸ್ತೀ. ಮೈಲಿಗಿ ಆಗಾಕ ಬೇಕಾದ್ರ ಭೂಮಿಗೆ ಎಂದೋ ಆಗಬೇಕಿತ್ತು. ಅನ್ನಾ ಹೆಂಗ ಉಣ್ತಿದ್ದಿ ನೀ?”

“ರಾಶಿ ಕಮ್ಮಿ ಆದ್ರ ನನ್ನ ಕೇಳಬ್ಯಾಡ.”

“ಕೇಳೂದಿಲ್ಲ. ಮಳಿ ಕೇಳ್ತೇನಿ.”

ಅವ್ವ ತಲೆ ತಗ್ಗಿಸಿ ಎಲ್ಲರಿಗೂ ಪಲ್ಯ ಬಡಿಸಿದಳು. ತನ್ನ ಅತ್ತೆಯ ಮಾತಿಗೆ ಎಂದೂ ಮಾತು ಸೇರಿಸದ ಅವ್ವ ಆ ದಿನ, “ಖರೇ ಐತ್ರಿ ಅತ್ತಿ,” ಎಂದು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ಅಕ್ಕೋರು ಕಡುಬು ತಿನ್ನುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ಖಾರ ಹತ್ತಿತೆಂದು ಹೇಳಿದರು. ಕಡುಬಿನಲ್ಲಿ ಖಾರವಿರಲಿಲ್ಲ.

ಮರುದಿನ ಬೆಳಿಗ್ಗೆ ಆಯಿ ನನ್ನನ್ನು ಕರೆದುಕೊಂಡು ಕೇರಿಗೆ ಹೊರಟಳು. ಕೂಲಿಗೆ ಹೇಳಲು ಅಪ್ಪ ಹೋಗುವ, ಇಲ್ಲವೇ ಯಾರನ್ನಾದರೂ ಕಳಿಸುವ ರೂಢಿ. ಆಯಿ ಆ ದಾರಿಯಲ್ಲಿ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ದುರ್ಗವ್ವ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಗಾಬರಿಯಿಂದ ಎದ್ದು ನಿಂತಳು.

“ಯಾಕ್ರೀ ಅವ್ವಾರ, ಹೇಳಿ ಕಳಿಸಿದ್ರ ನಾನ ಬರ್ತಿದ್ನಲ್ರೀ.”

“ನಿನ್ನ ಸಂಬಂಧ ಬಂದಿಲ್ಲ. ನಿನ್ನ ಮಗಳ ಸಂಬಂಧ ಬಂದೇನಿ.”

ಯಲ್ಲವ್ವ ಬಾಗಿಲ ಮರೆಯಲ್ಲಿ ನಿಂತಳು. ಹೊರಗೆ ಬರಲಿಲ್ಲ.

“ನಾ ಬರಂಗಿಲ್ರೀ ಆಯಿ. ಆ ಗ್ವಾಡಿ ಮ್ಯಾಲ ಇನ್ನ ಕೂಡಂಗಿಲ್ಲ.”

“ಗ್ವಾಡಿ ಮ್ಯಾಲ ಯಾರೂ ಕೂಡೂದು ಬ್ಯಾಡ. ಎಲ್ಲಾ ದಿನಾನೂ ಕಣದಾಗ ಆಡ್ರಿ.”

“ಶಾಂತಕ್ಕಾರ ಬೈತಾರ್ರೀ.”

“ಕಣಾ ಅಕೀದಲ್ಲ, ನಂದು. ಬರ್ತೀಯೋ, ಇಲ್ಲಾ ನಾ ಇಲ್ಲೇ ಕೂಡ್ಲ್ಯೋ?”

ಆಯಿ ನಿಜವಾಗಿ ಅವರ ಕಟ್ಟೆಯ ಮೇಲೆ ಕೂತೇಬಿಟ್ಟಳು. ಯಲ್ಲವ್ವ ಈಗ ಹಳಿಯಾಳದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ; ಭೇಟಿಯಾದಾಗಲೆಲ್ಲ ಈ ಮಾತು ಬರುತ್ತದೆ. ಆಯಿ ಅಂದು ಅವರ ಮನೆಯಲ್ಲಿ ನೀರು ಕೇಳಿ ಕುಡಿದಳು ಎಂದು ಅವಳು ಹೇಳುತ್ತಾಳೆ. ನನಗೆ ಅದು ನೆನಪಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಆದರೂ ನೆನಪಿಲ್ಲ. ಅವಳ ನೆನಪೇ ಸರಿಯಾಗಿರಲಿ ಎಂದುಕೊಳ್ಳುತ್ತೇನೆ. ನನಗೆ ನೆನಪಿರುವುದು, ಯಲ್ಲವ್ವ ಒಳಗೆ ಹೋಗಿ ಪಾಟಿಚೀಲ ತಂದದ್ದು, ದಾರಿಯುದ್ದಕ್ಕೂ ಆಯಿಗಿಂತ ಮುಂದೆ ಮುಂದೆ ನಡೆದದ್ದು. ಅಂದಿನ ಆಟದ ತಾಸಿನಲ್ಲಿ ಆಯಿ ಸಂದಿನ ಹತ್ತಿರ ನಿಂತು ಬಂದ ಬಂದವರನ್ನೆಲ್ಲ ಒಳಗೆ ಬಿಟ್ಟಳು. ಯಾರನ್ನೂ ಏನೂ ಕೇಳಲಿಲ್ಲ. ಹೊಟ್ಟೆ ನೋಯುವವರಿಗೆ ಅಕ್ಕೋರು ಬಣವೆಯ ನೆರಳಿನಲ್ಲಿ ನಿಧಾನವಾಗಿ ಮೈ ಸಡಿಲಿಸುವ ಒಂದೆರಡು ಕಸರತ್ತು ಹೇಳಿಕೊಟ್ಟರು. ಅವ್ವ ಜೀರಿಗೆಯ ಬಿಸಿನೀರು ತಂದುಕೊಟ್ಟಳು. ಹೆಂಗಸರ ಆ ಮಾತನ್ನು ಅಷ್ಟು ಸಲೀಸಾಗಿ, ಹಗಲು ಬೆಳಕಿನಲ್ಲಿ, ನಾಚದೆ ಆಡಿದ್ದನ್ನು ನಾನು ಕೇಳಿದ್ದು ಆ ಕಣದಲ್ಲೇ.

ರಾಶಿಯ ವಿಷಯ ಹೇಳಿಬಿಡುತ್ತೇನೆ. ಶಾಂತತ್ತಿ ಆ ವರ್ಷ ರಾಶಿಯ ಎದುರು ಬೆಳಗಿನಿಂದ ಸಂಜೆಯವರೆಗೆ ಕೂತಿದ್ದಳು. ಭತ್ತ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ; ಹಿಂದಿನ ವರ್ಷ ಎಷ್ಟೋ ಅಷ್ಟೇ. ಗೆದ್ದೆನೆಂದು ಆಯಿ ಹೇಳಲಿಲ್ಲ, ಸೋತೆನೆಂದು ಶಾಂತತ್ತಿ ಒಪ್ಪಲಿಲ್ಲ. ಇಬ್ಬರೂ ಕೂಡಿ ರಾಶಿಗೆ ಪೂಜೆ ಮಾಡಿ, ಇಬ್ಬರೂ ಕೂಡಿ ಚಹಾ ಕುಡಿದರು.

ಆದರೆ ಅದಕ್ಕೂ ಮೊದಲೇ, ಪೈರಿನ ಮೊದಲ ಚಕ್ಕಡಿ ಕಣಕ್ಕೆ ಬಂದ ದಿನವೇ, ಮಾತಿನಂತೆ ನಾವು ಜಾಗ ಬಿಟ್ಟುಕೊಡಬೇಕಾಗಿತ್ತು. ಅಂದು ಅಕ್ಕೋರು ಏನೋ ಮೀಟಿಂಗಿಗೆಂದು ಮುಂಡಗೋಡಕ್ಕೆ ಹೋಗಿದ್ದರು. ಆಟದ ತಾಸಿನ ಗಂಟೆ ಬಾರಿಸಿತು. ನಾವು ರೂಢಿಯಂತೆ ಸಂದಿನ ತನಕ ಹೋದೆವು. ಒಳಗೆ ಅಪ್ಪ ಮತ್ತು ಆಳುಗಳು ಕೊಯ್ದ ಭತ್ತದ ಸಿವುಡು ಇಳಿಸುತ್ತಿದ್ದರು. ನಾವು ನಿಂತು ನೋಡಿದೆವು. ಕೆಲವರು ಹಿಂದಿರುಗಿ ಹುಣಸೆಮರದ ಕಡೆ ಹೊರಟರು.

“ಇವತ್ತ ಅಲ್ಲಿ ಕುಂತ್ರ ಮುಗೀತ ನೋಡ್ರಿ,” ಎಂದಳು ಯಲ್ಲವ್ವ. “ಏಳೂದಿಲ್ಲ ಮತ್ತ ನಾವು.”

ಅವಳು ಸೀದಾ ಮೈದಾನಕ್ಕೆ ನಡೆದಳು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಯಲ್ಲವ್ವ ಅವರ ಕಡೆ ನೋಡದೆ, ಹಿಮ್ಮಡಿಯಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದಳು. ನಾವು ಒಬ್ಬೊಬ್ಬರಾಗಿ ಅವಳ ಹಿಂದೆ ಹೋದೆವು. ಮನೆಯಿಂದಲೇ ಹಾಕಿಕೊಂಡು ಬಂದಿದ್ದ ನನ್ನ ಹೂವಿನ ಪಾಯಿಜಾಮ ಎಲ್ಲರಿಗೂ ಕಾಣುತ್ತಿತ್ತು. ಯಾವನೋ ಒಬ್ಬ, “ಏ, ಬಾಜೂ ಸರೀರಿ, ಚೆಂಡ ಬಡದೀತು,” ಎಂದ. ಗದ್ದಲ ಕೇಳಿ ಹೆಡ್ಮಾಸ್ತರರು ಹೊರಗೆ ಬಂದರು.

“ಯಾರ ಹೇಳಿದ್ರು ನಿಮಗ ಇಲ್ಲಿ ಬರಾಕ?”

“ಯಾರೂ ಹೇಳಿಲ್ರೀ ಸರ್,” ಎಂದಳು ಯಲ್ಲವ್ವ. “ಈಗ ನಮ್ಮ ಆಟದ ತಾಸ ಐತ್ರಿ.”

“ನಿಮ್ಮ ಅಕ್ಕೋರ ಬರ್ಲಿ, ನೋಡೂಣು.”

“ಅವರ ಬರೂತನಾ ಆಡ್ತೇವ್ರಿ.”

“ಚೆಂಡ ಬಡದು ಹೆಚ್ಚುಕಮ್ಮಿ ಆತಂದ್ರ ಯಾರ ಜವಾಬ್ದಾರಿ?”

ಉತ್ತರ ಯಲ್ಲವ್ವನಿಂದ ಬರುತ್ತದೆಂದು ನಾನು ಕಾದೆ. ಬಂದದ್ದು ನನ್ನ ಬಾಯಿಂದ.

“ಚೆಂಡ ಹೊಡ್ಯಾವರ ಜವಾಬ್ದಾರಿ ರೀ ಸರ್.”

ನನ್ನ ದನಿ ನನಗೇ ಪರಿಚಯವಾಗಲಿಲ್ಲ. ಕೆಟ್ಟ ಮನುಷ್ಯರಲ್ಲ ಹೆಡ್ಮಾಸ್ತರರು. ಅದುವರೆಗೆ ಯಾರೂ ಅವರಿಗೆ ಆ ಮಾತು ಹೇಳಿರಲಿಲ್ಲ ಅಷ್ಟೇ. ಹುಡುಗರ ಕಡೆ ತಿರುಗಿ, ಸ್ಟಂಪು ಕಿತ್ತು ಆ ಬದಿಗೆ ಹೋಗಿರೆಂದು ಕೈ ಮಾಡಿದರು. ಹುಡುಗರು ಗೊಣಗುತ್ತಾ ಹೋದರು. ಎರಡು ತುದಿಗೆ ಎರಡು ಸೈಕಲ್ಲು ನಿಲ್ಲಿಸಿ ಕಂಬ ಮಾಡಿಕೊಂಡೆವು. ನಾವು ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತೆವು. ನಾನು ಕೂತಲ್ಲಿಂದ ಇಡೀ ಮೈದಾನ ಕಾಣುತ್ತಿತ್ತು. ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆಟ ಅರ್ಧಕ್ಕೆ ಬಂದಾಗ ಅಕ್ಕೋರು ಬಸ್ಸಿಳಿದು, ಕೈಚೀಲ ಹಿಡಿದುಕೊಂಡೇ ಬಂದರು. ನಮ್ಮನ್ನು ನೋಡಿ ಗೇಟಿನ ಹತ್ತಿರ ನಿಂತರು. ಹೆಡ್ಮಾಸ್ತರರು ಅವರನ್ನು ಕರೆದುಕೊಂಡು ನಮ್ಮ ಸಾಲಿನ ಬಳಿಯೇ ಬಂದರು.

“ಇವರಿಗೆ ಹಿಂಗ ಎದರ ಮಾತಾಡೂದ ಯಾರ ಕಲಿಸ್ಯಾರ್ರೀ ಬಾಯಾರ?”

“ನಾನು ಖೋಖೋ ಮಾತ್ರ ಕಲಿಸಿದ್ದು, ಸರ್,” ಎಂದರು ಅಕ್ಕೋರು.

ಅದಕ್ಕೆ ಹೆಡ್ಮಾಸ್ತರರು ಸಿಟ್ಟಾದರೋ ನಕ್ಕರೋ ನಾನು ನೋಡಲಿಲ್ಲ. ಅಷ್ಟರಲ್ಲಿ ನನ್ನ ಬೆನ್ನಿಗೆ ಯಲ್ಲವ್ವನ ಅಂಗೈ ಬಿತ್ತು, ಕಿವಿಯ ಹತ್ತಿರವೇ “ಖೋ” ಎಂದು ಕೂಗಿದಳು, ನಾನು ಎದ್ದು ಓಡಿದೆ.